ಬಾಡಿಗೆ ಕಾದಂಬರಿಯೊಳಗಿನ ಪತ್ರ

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬುಕರ್ ಪ್ರಶಸ್ತಿ ಬಂದ ಮೇಲೆ ನಮ್ಮಂಥ ಸಣ್ಣಪುಟ್ಟ ಕಥೆಗಾರ್ತಿಯರನ್ನೂ ಕಾಲೇಜುಗಳಿಗೆ ಕರೆಯುವುದು ಹೆಚ್ಚಾಗಿದೆ. ಹೋದಲ್ಲೆಲ್ಲ ಒಂದು ಪ್ರಶ್ನೆ ಇದ್ದೇ ಇರುತ್ತದೆ. ನಿಮ್ಮ ಮೇಲೆ ಪ್ರಭಾವ ಬೀರಿದ ಲೇಖಕರು ಯಾರು? ಸಾರಾ ಅಬೂಬಕ್ಕರ್, ತೇಜಸ್ವಿ, ಇಸ್ಮತ್ ಚುಗ್ತಾಯಿ ಎಂದು ಹೇಳಿ ಮುಗಿಸುತ್ತೇನೆ. ಅದು ಸುಳ್ಳಲ್ಲ. ಆದರೆ ಇವರನ್ನೆಲ್ಲ ಓದುವ ಮೊದಲೇ ನಾನು ಇನ್ನೂರು ಮುನ್ನೂರು ಬಾಡಿಗೆ ಕಾದಂಬರಿಗಳನ್ನು ನುಂಗಿದ್ದೆ ಎಂಬುದನ್ನು ಹೇಳುವುದಿಲ್ಲ. ನಾಚಿಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ಇಲ್ಲಿ ಬರೆಯಲೆಂದೇ ಕೂತಿದ್ದೇನೆ.

ತಾಳಗುಪ್ಪ ರೈಲು ಮುಗಿಯುವ ಊರು. ಶಿವಮೊಗ್ಗದಿಂದ ಸಾಗರ ದಾಟಿ ಬರುವ ಹಳಿ ನಮ್ಮೂರಲ್ಲಿ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಜೋಗಕ್ಕಾಗಲಿ ಹೊನ್ನಾವರಕ್ಕಾಗಲಿ ರಸ್ತೆಯೇ ಗತಿ. ಈಗ ಬೆಂಗಳೂರು, ಮೈಸೂರಿನಿಂದ ಬ್ರಾಡ್‌ಗೇಜ್ ರೈಲು ಬರುತ್ತದೆ. ನಾನು ಹುಡುಗಿಯಾಗಿದ್ದಾಗ ಮೀಟರ್‌ಗೇಜಿನ ಪುಟ್ಟ ರೈಲು ಬರುತ್ತಿತ್ತು. ಬಸ್ಸಿಗೂ ರೈಲಿಗೂ ಕಾಯುವವರು ಬಹಳ ಇದ್ದುದರಿಂದಲೋ ಏನೋ, ಪೇಟೆಯ ಒಂದು ಸ್ಟೇಷನರಿ ಅಂಗಡಿಯಲ್ಲಿ ಬಾಡಿಗೆ ಪುಸ್ತಕದ ಕಪಾಟು ಇತ್ತು. ರಟ್ಟು ಹಾಕಿ ಹೊಲಿದ ಕಾದಂಬರಿಗಳು, ಪ್ರತಿಯೊಂದರ ಬೆನ್ನ ಮೇಲೆ ಶಾಯಿಯಲ್ಲಿ ಒಂದು ನಂಬರು. ದಿನಕ್ಕೆ ನಾಲ್ಕಾಣೆ. ಸಾಗರದ ಕಾಲೇಜಿಗೆ ಪಿಯುಸಿಗೆ ಹೋಗುತ್ತಿದ್ದ ನನ್ನ ಆಪಾಳ ಹೆಸರಿನಲ್ಲಿ ಖಾತೆ ಇತ್ತು. ಓದುತ್ತಿದ್ದವಳು ಹೆಚ್ಚಾಗಿ ನಾನು.

ಮನೆಯಲ್ಲಿ ಬೇರೆಯೇ ಕಪಾಟು. ಅಬ್ಬಾ ಲಾರಿ ಓಡಿಸುತ್ತಿದ್ದರು. ಹುಬ್ಬಳ್ಳಿಗೆ ಹೋದಾಗಲೆಲ್ಲ ಇಬ್ನೆ ಸಫಿಯ ಹಳೆಯ ಜಾಸೂಸಿ ಕಾದಂಬರಿಗಳನ್ನು ತರುತ್ತಿದ್ದರು. ಅವರಿಗೆ ಬರುತ್ತಿದ್ದುದು ಉರ್ದು ಓದು ಮಾತ್ರ. ಕನ್ನಡದ ಬೋರ್ಡುಗಳನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದರು. ನಾನು ಉರ್ದು ಪ್ರಾಥಮಿಕ ಶಾಲೆಯಲ್ಲಿ ಕಲಿತು ಹೈಸ್ಕೂಲಿಗೆ ಕನ್ನಡ ಮಾಧ್ಯಮಕ್ಕೆ ಬಂದವಳು. ಹಾಗಾಗಿ ಎರಡೂ ಕಪಾಟುಗಳಿಗೆ ನನ್ನ ಕೈ ಎಟಕುತ್ತಿತ್ತು.

ಇಬ್ನೆ ಸಫಿಯ ನಿಜ ಹೆಸರು ಅಸರಾರ್ ಅಹ್ಮದ್. ಉರ್ದುವಿನಲ್ಲಿ ಅಶ್ಲೀಲವಿಲ್ಲದೆ ಪುಸ್ತಕ ಖರ್ಚಾಗುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಹಟ ತೊಟ್ಟು ಬರೆಯತೊಡಗಿದರು ಎನ್ನುತ್ತಾರೆ. 1952ರಲ್ಲಿ ಅಲಹಾಬಾದಿನಿಂದ ‘ಜಾಸೂಸಿ ದುನಿಯಾ’ ಶುರುವಾಯಿತು. ಅದೇ ವರ್ಷ ಅವರು ಪಾಕಿಸ್ತಾನಕ್ಕೆ ಹೋದರು, ಪುಸ್ತಕಗಳು ಮಾತ್ರ ಎರಡೂ ಕಡೆ ಮಾರಾಟವಾದವು. ಅವರ ಫರೀದಿಗೆ ಹೆಣ್ಣಿನ ಗೊಡವೆ ಇಲ್ಲ. ಅವನ ಜೊತೆಗಾರ ಹಮೀದನಿಗೆ ಇರುವುದೆಲ್ಲ ಅದೇ ಗೊಡವೆ, ಜೊತೆಗೆ ಸಾಕಿದ ಒಂದು ಹೋತ. ತಮಾಷೆ ನೋಡಿ, ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಹುಟ್ಟಿದ್ದೂ ಅದೇ 1952ರಲ್ಲಿ. ನರಸಿಂಹಯ್ಯನವರು ಓದಿದ್ದು ನಾಲ್ಕನೇ ತರಗತಿ, ಬರೆದದ್ದು 500ಕ್ಕೂ ಹೆಚ್ಚು ಕಾದಂಬರಿ. ಓದಲು ಕಲಿತ ಹೊಸ ಜನ ಪುಸ್ತಕ ಕೇಳುತ್ತಿದ್ದ ಕಾಲ ಅದು. ಅಲಹಾಬಾದಿನಲ್ಲೂ ಬೆಂಗಳೂರಿನಲ್ಲೂ ಕೇಳಿದ್ದು ಒಂದನ್ನೇ: ಕೊಲೆ ಮಾಡಿದವನು ಸಿಕ್ಕಿಬೀಳಬೇಕು, ಅಲ್ಲಿಯವರೆಗೆ ನಮಗೆ ನಿದ್ದೆ ಬರಬಾರದು.

ಅಬ್ಬಾನ ಕಪಾಟಿನಲ್ಲಿ ನಸೀಮ್ ಹಿಜಾಝಿ ಕೂಡ ಇದ್ದರು. ಪಂಜಾಬಿನ ಗುರುದಾಸಪುರದ ಕಡೆಯ ಆ ಲೇಖಕ ನಮ್ಮ ಟಿಪ್ಪುವಿನ ಮೇಲೆ ‘ಔರ್ ತಲ್ವಾರ್ ಟೂಟ್ ಗಯೀ’ ಎಂದು ದಪ್ಪ ಕಾದಂಬರಿ ಬರೆದಿದ್ದಾರೆ. ಕುದುರೆ, ಕತ್ತಿ, ಕಣ್ಣೀರು, ನಡುವೆ ಪ್ರೇಮ. ಹೈದರ್ 1763ರಲ್ಲಿ ಗೆದ್ದ ಬಿದನೂರು ನಗರ ನಮಗೆ ಪಕ್ಕದ ಹೊಸನಗರ ತಾಲೂಕಿನಲ್ಲೇ ಇದೆ, ಕೋಟೆ ಪಾಚಿ ಹಿಡಿದು ನಿಂತಿದೆ. ಆದರೂ ನಮ್ಮ ಮನೆಯಲ್ಲಿ ಟಿಪ್ಪು ಮಾತಾಡುತ್ತಿದ್ದುದು ಪಂಜಾಬಿನವರ ಶುದ್ಧ ಉರ್ದುವಿನಲ್ಲಿ. ಅವನಿಗೆ ಕನ್ನಡ ಬರುತ್ತಿತ್ತೇ ಎಂದು ಕೇಳಿ ಅಬ್ಬಾನಿಂದ ಬೈಸಿಕೊಂಡಿದ್ದೇನೆ.

ಆದರೆ ಹೇಳಬೇಕಾದದ್ದು ಬಾಡಿಗೆ ಕಪಾಟಿನ ಮಾತು.

ಆ ಕಪಾಟಿನಲ್ಲಿ ಮೇಲಿನ ಎರಡು ಸಾಲು ಹೆಂಗಸರ ಕಾದಂಬರಿ. ತ್ರಿವೇಣಿ, ಎಂ.ಕೆ. ಇಂದಿರಾ, ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ಸಾಯಿಸುತೆ. ಕೆಳಗಿನ ಸಾಲುಗಳಲ್ಲಿ ಪತ್ತೇದಾರಿ. ಅದರ ಪಕ್ಕದಲ್ಲಿ ಟಿ.ಕೆ. ರಾಮರಾವ್, ಆಮೇಲೆ ತೆಲುಗಿನಿಂದ ಬಂದ ಯಂಡಮೂರಿ ವೀರೇಂದ್ರನಾಥ್. ಹೊರಗಿನವರಿಗೆ ಇವೆಲ್ಲ ಒಂದೇ ಹೊರೆ. ಓದುವವರಿಗೆ ಹಾಗಲ್ಲ. ತ್ರಿವೇಣಿಯ ನಾಯಕಿಗೆ ಮನಸ್ಸು ಕೆಡುತ್ತದೆ, ಕೆಡಿಸಿದವರು ಮನೆಯವರೇ ಎಂದು ನಮಗೆ ಗೊತ್ತಾಗುತ್ತದೆ. ‘ಶರಪಂಜರ’ ಓದಿದ ಮೇಲೆ ನಮ್ಮ ಓಣಿಯ ಒಬ್ಬ ಹೆಂಗಸನ್ನು ನಾನು ಹುಚ್ಚಿ ಎಂದು ಕರೆಯುವುದನ್ನು ಬಿಟ್ಟೆ. ಇಂದಿರಾ ನಮ್ಮದೇ ತೀರ್ಥಹಳ್ಳಿಯವರು, ನಲವತ್ತು ದಾಟಿದ ಮೇಲೆ ಬರೆಯತೊಡಗಿದವರು. ಅವರ ಅಡಿಗೆಮನೆಯ ಹೊಗೆ ನಮಗೂ ಪರಿಚಿತ. ಸಾಯಿಸುತೆಯ ದಾರಿ ಬೇರೆ. ಅಲ್ಲಿ ಬಡವರ ಮನೆಯ ಮಾನವಂತ ಹುಡುಗಿಗೆ ಕೊನೆಗೆ ಒಳ್ಳೆಯದಾಗಲೇಬೇಕು. ಜ್ವರ ಬಂದಾಗ ಗಂಜಿ ಹೇಗೋ ಹಾಗೆ ಅದು. ಗಂಜಿಯನ್ನು ಹೀಗಳೆಯುವವರು ಜ್ವರ ಬಂದಾಗ ಏನು ಉಣ್ಣುತ್ತಾರೋ ನಾನು ಕಾಣೆ.

ಇವನ್ನೆಲ್ಲ ನಾನು ಒಬ್ಬಳೇ ಓದುತ್ತಿರಲಿಲ್ಲ, ಅಮ್ಮಿಗೆ ಹೇಳುತ್ತಿದ್ದೆ. ಅಮ್ಮಿಗೆ ಉರ್ದು ಓದು ಬರುತ್ತಿತ್ತು, ಕನ್ನಡ ಓದು ಬರುತ್ತಿರಲಿಲ್ಲ. ಕೊನೆಕೊಯ್ಲಿನ ದಿನಗಳಲ್ಲಿ ಅಮ್ಮಿ ಭಟ್ಟರ ಮನೆಗೆ ಅಡಿಕೆ ಸುಲಿಯಲು ಹೋಗುತ್ತಿದ್ದರು. ಸಂಜೆ ಮಗ್ರಿಬ್ ಆದ ಮೇಲೆ ಹೊರಟರೆ ರಾತ್ರಿ ಹತ್ತು ಹನ್ನೊಂದರವರೆಗೆ ಕೆಲಸ. ಅಂಗಳದ ಚಪ್ಪರದ ಕೆಳಗೆ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂರುತ್ತಿದ್ದರು, ಡಬ್ಬಕ್ಕೆ ಇಷ್ಟು ಎಂದು ಕೂಲಿ. ಬೆರಳಿಗೆಲ್ಲ ಚೊಗರು ಹತ್ತಿ ಕಪ್ಪಾಗಿರುತ್ತಿತ್ತು. ನನ್ನದು ಹಸಿ ಅಡಿಕೆಯ ಬುಟ್ಟಿ ಮುಂದೆ ತಂದಿಡುವ ಕೆಲಸ, ಜೊತೆಗೆ ಕಾದಂಬರಿ ಹೇಳುವ ಕೆಲಸ. ಒಂದು ಘಟನೆ ಮುಗಿದರೆ ಅಮ್ಮಿ ಕತ್ತಿಯಿಂದ ಕಣ್ಣು ತೆಗೆಯದೆ “ಫಿರ್?” ಎನ್ನುತ್ತಿದ್ದರು. ಆ ‘ಫಿರ್’ ಕಲಿಸಿದ್ದನ್ನು ಯಾವ ಕಮ್ಮಟವೂ ನನಗೆ ಕಲಿಸಿಲ್ಲ. ಅಮ್ಮಿ ‘ಫಿರ್’ ಎನ್ನಲಿಲ್ಲ ಎಂದರೆ ಎಲ್ಲೋ ಕಥೆ ಸಡಿಲವಾಗಿದೆ ಎಂದು ಅರ್ಥ.

ಹೇಳುವಾಗ ಹೆಸರುಗಳನ್ನು ಬದಲಿಸುತ್ತಿದ್ದೆ. ಯಾಕೆ ಶುರು ಮಾಡಿದೆನೋ ನೆನಪಿಲ್ಲ. ಸುಮಿತ್ರಾ ಸಮೀನಾ ಆಗುತ್ತಿದ್ದಳು, ರವಿ ರಿಯಾಝ್ ಆಗುತ್ತಿದ್ದ. ಅತ್ತೆಯ ವ್ರತ ನಫಿಲ್ ರೋಜಾ ಆಗುತ್ತಿತ್ತು. ಜಾತಕ ಕೂಡಿಬರದೆ ಮದುವೆ ಮುರಿದರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತಿದ್ದೆ. ಒಮ್ಮೆ ‘ಇಸ್ತಿಖಾರಾದಲ್ಲಿ ಒಳ್ಳೆಯ ಸೂಚನೆ ಬರಲಿಲ್ಲ’ ಎಂದು ಹೇಳಿ ಪಾರಾದೆ. ಪಕ್ಕದಲ್ಲಿ ಕೂತ ಹೆಂಗಸರಿಗೆ ನಮ್ಮ ದಖನಿ ಅರ್ಧಂಬರ್ಧ ತಿಳಿಯುತ್ತಿತ್ತು. ಭಟ್ಟರ ಮನೆಯ ಅಮ್ಮ, “ಕೂಸೆ, ನಾನೂ ಆ ಕಾದಂಬರಿ ಓದಿದ್ದೆ. ಅದರಲ್ಲಿ ಸಮೀನಾ ಎಲ್ಲಿಂದ ಬಂದಳೇ?” ಎಂದು ನಕ್ಕಿದ್ದರು. ನನಗೆ ಮುಖ ಎತ್ತಲಾಗಲಿಲ್ಲ. ಅಮ್ಮಿಗೆ ಬೇಸರವೇನೂ ಆಗಲಿಲ್ಲ. “ಅವಳ ಹೆಸರು ಬೇರೆ ಇರುತ್ತದೆ ಎಂದು ನನಗೇನು ಗೊತ್ತಿಲ್ಲವೇ? ನೀನು ಸಮೀನಾ ಎಂದೇ ಹೇಳು” ಎಂದರು.

ಯಂಡಮೂರಿಯ ‘ತುಳಸಿದಳ’ ಹೇಳಿದ ವಾರ ಮಾತ್ರ ಅಮ್ಮಿ ಹೆಸರು ಬದಲಿಸಲು ಬಿಡಲಿಲ್ಲ. ಮಗುವಿನ ಮೇಲೆ ಮಾಟ ಮಾಡುವ ಕಥೆ ಅದು. ಅಂಥದ್ದು ನಮ್ಮವರ ಹೆಸರಿನಲ್ಲಿ ಬೇಡ ಎಂದರು. ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಆಯತುಲ್ ಕುರ್ಸಿ ಓದಿಕೊಳ್ಳುತ್ತಿದ್ದರು. ಮರುದಿನ ಕತ್ತಿಯ ಮುಂದೆ ಕೂತ ಕೂಡಲೇ ಅದೇ “ಫಿರ್?”

ಆ ಕಾದಂಬರಿಗಳಲ್ಲಿ ನಮ್ಮವರು ಇರಲಿಲ್ಲ ಎಂದಲ್ಲ. ಇರುತ್ತಿದ್ದರು: ಒಳ್ಳೆಯ ಮನಸ್ಸಿನ ಜಟಕಾ ಸಾಬಿ, ಹೊಲಿಗೆಯ ಮುದುಕ, ಪತ್ತೇದಾರಿಯಲ್ಲಾದರೆ ಕಳ್ಳಸಾಗಣೆಯವನು. ಪ್ರೀತಿಸುವವರು ಇರುತ್ತಿರಲಿಲ್ಲ. ಕನ್ನಡದಲ್ಲಿ ಮುಸ್ಲಿಂ ಹೆಣ್ಣೊಬ್ಬಳ ಮನಸ್ಸನ್ನು ನಾನು ಮೊದಲು ಕಂಡಿದ್ದು ಸಾರಾ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದಾಗ. 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಅದು ನನ್ನ ಕೈಗೆ ಸಿಕ್ಕಿದ್ದು ತಡವಾಗಿ, ಪಿಯುಸಿ ಮುಗಿದ ಮೇಲೆ. ಅದರ ನಾದಿರಾಳ ಹೆಸರನ್ನು ಬದಲಿಸಬೇಕಾಗಿರಲಿಲ್ಲ. ಅದು ಮೊದಲೇ ಸಿಕ್ಕಿದ್ದರೆ ಎಂದು ಈಗಲೂ ಅಂದುಕೊಳ್ಳುತ್ತೇನೆ.

1994ರ ಡಿಸೆಂಬರ್. ನನಗೆ ಹದಿಮೂರು, ಆಪಾಳಿಗೆ ಹದಿನೇಳು. ಕೇಳಿದ್ದನ್ನು ಹೇಳಿ ಹೇಳಿ ನನಗೂ ಒಂದು ಬರೆಯಬೇಕು ಅನ್ನಿಸಿತು. ಇಡೀ ಕಾದಂಬರಿ ಬರೆಯುವ ತ್ರಾಣ ಇರಲಿಲ್ಲ. ನಾಯಕಿ ನಾಯಕನಿಗೆ ಬರೆಯುವ ಪತ್ರ ಬರೆಯೋಣ ಎಂದುಕೊಂಡೆ. ನೋಟ್‌ಬುಕ್ಕಿನ ಎರಡು ಹಾಳೆ ಹರಿದು, ಎರಡು ಬದಿಯೂ ಬರೆದೆ. ನಾಯಕಿಗೆ ಹೆಸರಿಡಲಿಲ್ಲ, ‘ನಿಮ್ಮವಳು’ ಎಂದಷ್ಟೇ. ನಾಯಕ ಜೋಗದ ವಿದ್ಯುತ್ ಕಾಲೊನಿಯಲ್ಲಿರುವ ಇಂಜಿನಿಯರ್, ಜೀಪು ಓಡಿಸುವವನು. ಅವನ ಹೆಸರು ಅವಿನಾಶ. ಇಲ್ಲಿ ನೀವು ಕೇಳಬಹುದು, ಅಮ್ಮಿಗೆ ಹೇಳುವಾಗ ಎಲ್ಲರನ್ನೂ ರಿಯಾಝ್ ಮಾಡುತ್ತಿದ್ದವಳು ಈಗ ಯಾಕೆ ಅವಿನಾಶ ಎಂದು ಬರೆದಳು? ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬಾಯಲ್ಲಿ ದಖನಿಯಲ್ಲಿ ಹೇಳುವಾಗ ರಿಯಾಝ್ ತಾನಾಗಿ ಬರುತ್ತಿದ್ದ. ಕನ್ನಡ ಅಕ್ಷರದಲ್ಲಿ ಬರೆಯುವಾಗ ಪ್ರೇಮಿಗೆ ಅಂಥ ಹೆಸರು ಇರಬಹುದು ಎಂಬುದೇ ಹೊಳೆಯಲಿಲ್ಲ. ಅಷ್ಟು ಓದಿದ್ದರಲ್ಲಿ ಒಂದು ಸಲವೂ ಕಂಡಿರಲಿಲ್ಲ.

ಬರೆದದ್ದನ್ನು ಓದುತ್ತಿದ್ದ ಕಾದಂಬರಿಯೊಳಗೆ ಬಚ್ಚಿಟ್ಟೆ. ಮರೆತೆ. ಪುಸ್ತಕ ವಾಪಸ್ಸು ಹೋಯಿತು.

ಅಂಗಡಿಯವರು ಕೆಟ್ಟವರಲ್ಲ. ಯಾರ ಕೈಗೂ ಸಿಗಬಾರದು ಎಂದು ಗುಟ್ಟಾಗಿ ಅಬ್ಬಾನನ್ನು ಕರೆದು ಕೊಟ್ಟರು. ಅಬ್ಬಾನಿಗೆ ಓದಲು ಬರದು. ಮಾಮೂವನ್ನು ಕರೆಸಿದರು. ಮಾಮೂ ಕೂತು, ಕನ್ನಡಕ ಹಾಕಿಕೊಂಡು, ನಡುಮನೆಯಲ್ಲಿ ಅದನ್ನು ಗಟ್ಟಿಯಾಗಿ ಓದಿದರು. ನನ್ನ ಬರವಣಿಗೆಯನ್ನು ಬೇರೊಬ್ಬರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಓದಿ ಮುಗಿಸಿ ಮಾಮೂ ಥೇಟ್ ಪುರುಷೋತ್ತಮನ ಹಾಗೆ ಒಂದು ಸುಳಿವು ಹಿಡಿದರು. “‘ಮಳೆ’ ಬರೆಯಬೇಕಾದಲ್ಲಿ ‘ಮಲೆ’ ಎಂದಿದೆ, ‘ಒಳಗೆ’ ಎನ್ನುವಲ್ಲಿ ‘ಒಲಗೆ’. ಇದು ನಮ್ಮ ಮಕ್ಕಳದೇ ಬರಹ.” ಖಾತೆ ಆಪಾಳ ಹೆಸರಿನಲ್ಲಿ. ಸಾಗರಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬರುವವಳು ಆಪಾ. ಲೆಕ್ಕ ಸರಿಹೋಯಿತು. ಆಪಾ ಕನ್ನಡದಲ್ಲಿ ‘ಳ’ ತಪ್ಪುತ್ತಲೇ ಇರಲಿಲ್ಲ, ಅವಳ ನೋಟ್‌ಬುಕ್ ತೆಗೆದು ನೋಡಿದ್ದರೆ ಸಾಕಿತ್ತು. ಯಾರೂ ನೋಡಲಿಲ್ಲ. ನೋಡಿ ಎಂದು ನಾನು ಹೇಳಲಿಲ್ಲ.

ಮಾಮೂ ಜೋಗಕ್ಕೂ ಹೋಗಿ ಬಂದರು. ಅವಿನಾಶ ಎಂಬ ಇಂಜಿನಿಯರ್ ಇಲ್ಲ ಎಂದು ಕಾಲೊನಿಯವರು ಹೇಳಿದರಂತೆ. ಇಲ್ಲದಿದ್ದದ್ದೇ ಇನ್ನೂ ದೊಡ್ಡ ಭಯವಾಯಿತು, ಹುಡುಗ ಸುಳ್ಳು ಹೆಸರು ಹೇಳಿದ್ದಾನೆ ಎಂದು. ಆಪಾ “ನಾನು ಬರೆದಿಲ್ಲ” ಎಂದು ಒಂದು ಸಲ ಹೇಳಿದಳು. ಆಮೇಲೆ ಹೇಳಲಿಲ್ಲ. ಅವಳ ಕಾಲೇಜು ನಿಂತಿತು. ಮಾರ್ಚಿನಲ್ಲಿ ಎರಡನೇ ಪಿಯುಸಿ ಪರೀಕ್ಷೆಗೆ ಕೂರಲಿಲ್ಲ. 1995ರ ರಂಜಾನ್ ಕಳೆದು ಶವ್ವಾಲ್‌ನಲ್ಲಿ ಶಿರಾಳಕೊಪ್ಪಕ್ಕೆ ಮದುವೆ ಮಾಡಿ ಕಳಿಸಿದರು. ಭಾವ ಒಳ್ಳೆಯವರು, ಈ ಮಾತನ್ನು ನನ್ನ ಸಮಾಧಾನಕ್ಕೆ ಬರೆಯುತ್ತಿಲ್ಲ. ಅದು ನಿಜ. ಆದರೆ ಬಿ.ಕಾಂ. ಮಾಡಿ ಬ್ಯಾಂಕ್ ಪರೀಕ್ಷೆ ಬರೆಯಬೇಕು ಎಂದು ಆಪಾ ಹೇಳುತ್ತಿದ್ದುದೂ ನಿಜ.

ಆ ವರ್ಷ ನಾನು ಕಾದಂಬರಿ ಹೇಳಲಿಲ್ಲ. ಅಮ್ಮಿಯೂ ಕೇಳಲಿಲ್ಲ. ಮುಂದಿನ ಕೊಯ್ಲಿಗೆ ಅವರೇ “ಏನಾದರೂ ಹೇಳು, ಕೈ ಓಡುವುದಿಲ್ಲ” ಎಂದಾಗ ಫರೀದಿ-ಹಮೀದರ ಕಥೆ ಹೇಳಿದೆ. ಕೊಲೆ, ದರೋಡೆ, ಗೂಢಚಾರರು. ಪ್ರೇಮದ ಕಥೆ ಬೇಕೆಂದು ಅಮ್ಮಿ ಯಾವತ್ತೂ ಕೇಳಲಿಲ್ಲ.

ನನ್ನ ಮೊದಲ ಕಥಾಸಂಕಲನ ಬಂದದ್ದು 2017ರಲ್ಲಿ. ಅಬ್ಬಾ, ಅಮ್ಮಿ ಇಬ್ಬರೂ ಅಷ್ಟರಲ್ಲಿ ಇರಲಿಲ್ಲ. ಪುಸ್ತಕ ಹಿಡಿದು ಶಿರಾಳಕೊಪ್ಪಕ್ಕೆ ಹೋಗಿ, ಮಧ್ಯಾಹ್ನ ಎಲ್ಲರೂ ಮಲಗಿದಾಗ ಆಪಾಳಿಗೆ ಹೇಳಿದೆ. ಅವಳು ನಗಬಹುದು ಅಥವಾ ನನಗೆ ಗೊತ್ತಿತ್ತು ಎನ್ನಬಹುದು ಎಂದುಕೊಂಡಿದ್ದೆ. ಓದಿದ ಕಾದಂಬರಿಗಳಲ್ಲೆಲ್ಲ ಹಾಗೇ ಆಗುತ್ತದೆ. ಆಪಾಳಿಗೆ ಗೊತ್ತಿರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದು ಅವಳು ಒಂದೇ ಹೆಸರು ಹೇಳಿದಳು, ಅವಳ ಜೊತೆ ಸಾಗರಕ್ಕೆ ಬರುತ್ತಿದ್ದ ಗೆಳತಿಯದು. ಅವಳೂ ನಮ್ಮವಳೇ, ಉರ್ದು ಶಾಲೆಯಲ್ಲಿ ಕಲಿತವಳೇ. ಬಸ್ಸಿನಲ್ಲಿ ಆ ಕಾದಂಬರಿಗಳನ್ನು ಅವಳೂ ಓದುತ್ತಿದ್ದಳಂತೆ. ಅವಳೇ ಬರೆದು ಇಟ್ಟಳು, ಕೇಳಿದಾಗ ಬಾಯಿ ಬಿಡಲಿಲ್ಲ ಎಂದು ಆಪಾ ಇಪ್ಪತ್ತೆರಡು ವರ್ಷ ನಂಬಿದ್ದಳು. ಮದುವೆಗೆ ಬಂದವಳನ್ನು ಮಾತಾಡಿಸದೆ ಕಳಿಸಿದ್ದಳು. ಅವಳು ಬರೆದ ಎರಡು ಕಾಗದಗಳನ್ನು ಒಡೆಯದೆ ಒಲೆಗೆ ಹಾಕಿದ್ದಳು.

“ನಿನ್ನದನ್ನಾದರೆ ಕ್ಷಮಿಸಬಹುದು, ನೀನು ಮಗು. ಅವಳಿಗೆ ನಾನು ಮಾಡಿದ್ದಕ್ಕೆ ಏನು ಹೇಳಲಿ?” ಎಂದಳು. ನನ್ನ ಪುಸ್ತಕವನ್ನು ಕಪಾಟಿನ ಮೇಲಿಟ್ಟಳು. ಆಮೇಲೆ ಎರಡು ಈದ್ ಕಳೆದರೂ ಫೋನ್ ಮಾಡಲಿಲ್ಲ.

ಈಗ ಮಾತಾಡುತ್ತೇವೆ. ಆಪಾಳ ಮಗಳು ಮೊಬೈಲಿನಲ್ಲಿ ಪ್ರತಿಲಿಪಿಯ ಧಾರಾವಾಹಿಗಳನ್ನು ಓದುತ್ತಾಳೆ. ಪ್ರೇಮದ್ದು, ದೆವ್ವದ್ದು, ಕೊಲೆಯದ್ದು, ಎಲ್ಲವೂ ಕಂತುಕಂತಾಗಿ. ಸಂಜೆ ಅಡಿಗೆ ಮಾಡುವಾಗ ಅವ್ವನಿಗೆ ಓದಿ ಹೇಳುತ್ತಾಳಂತೆ. ತಾಳಗುಪ್ಪದ ಆ ಅಂಗಡಿಯಲ್ಲಿ ಈಗ ಮೊಬೈಲ್ ಕವರು, ಚಾರ್ಜರ್ ಮಾರುತ್ತಾರೆ.

ಆ ಗೆಳತಿ ಸೊರಬದ ಕಡೆ ಇದ್ದಾಳೆಂದು ಕಳೆದ ವರ್ಷ ಯಾರೋ ಹೇಳಿದರು. ನಾನು ವಿಚಾರಿಸಿ ನಂಬರು ತರಿಸಿದೆ. ನಾನೇ ಮೊದಲು ಮಾತಾಡಿ ನಡೆದದ್ದು ಹೇಳುತ್ತೇನೆ ಎಂದರೆ ಆಪಾ ಬೇಡ ಎಂದಳು. ನಂಬರನ್ನು ಕಾಗದದ ಮೇಲೆ ಬರೆಸಿಕೊಂಡಳು, ಫೋನಿನಲ್ಲಿ ಉಳಿಸಿಕೊಳ್ಳಲಿಲ್ಲ. ಮಾತಾಡಿದಳೋ ಇಲ್ಲವೋ ನಾನು ಕೇಳಿಲ್ಲ.