ಮೆಹದಿಪಟ್ಟಣದ ಚಮಚೆ ಮೀನು

ಕೃಷ್ಣೆಯ ದಂಡೆಯ ದೇವಸೂಗೂರನ್ನು ಬಿಟ್ಟು ಮೆಹದಿಪಟ್ಟಣದ ಮೂರನೆಯ ಅಂತಸ್ತಿಗೆ ಬಂದು ಕುಳಿತ ಹಿರಿಯರಿಗೆ ಹೊತ್ತು ಹೋಗುವುದೆಂತು? ಎರಡು ವರ್ಷಗಳ ಹಿಂದೆ ನಮ್ಮ ಮಾವನವರನ್ನು ಕರೆತಂದಾಗ ನಮ್ಮನ್ನು ಕಾಡಿದ ಪ್ರಶ್ನೆ ಇದು. ಬಾಲ್ಕನಿಯಲ್ಲಿ ನಿಂತರೆ ಕಾಣುವುದು 2009ರಲ್ಲಿ ತೆರೆದ ಮೇಲ್ಸೇತುವೆ. ಇಲ್ಲಿ ಹತ್ತಿದರೆ ಹನ್ನೊಂದು ಕಿಲೋಮೀಟರಿಗೂ ಆಚೆ, ಆರಾಮ್‌ಘರ್‌ನಲ್ಲಿ ಇಳಿಯಬಹುದು. ಅದರ ಕಂಬಗಳ ಸಂಖ್ಯೆಯೇ ಈ ಕಡೆಯವರಿಗೆಲ್ಲ ವಿಳಾಸ. ದಾರಿಯಲ್ಲಿ ಮೂಸಿಯೂ ಸಿಗುತ್ತದೆ. ಮೂಗಿಗೆ ವಸ್ತ್ರ ಹಿಡಿದುಕೊಂಡು ಅದನ್ನು ನೋಡಿದ ಮಾವನವರು, “ಇದಕ್ಕ ಹೊಳಿ ಅಂತೀರೇನು?” ಎಂದುಬಿಟ್ಟರು.

ಅವರ ಸಮಾಧಾನಕ್ಕೆಂದು ಗಂಡಿಪೇಟೆಗೆ ಕರೆದೊಯ್ದೆವು. 1908ರ ಸೆಪ್ಟೆಂಬರಿನಲ್ಲಿ ಇದೇ ಮೂಸಿ ಉಕ್ಕಿ ಹೈದರಾಬಾದನ್ನು ಹಾಳುಗೆಡವಿದಾಗ, ಮೇಲ್ಗಡೆ ಜಲಾಶಯ ಕಟ್ಟಿ ನೆರೆಯನ್ನು ತಡೆಯಬೇಕೆಂದು ಯೋಜನೆ ಹಾಕಿಕೊಟ್ಟವರು ನಮ್ಮ ವಿಶ್ವೇಶ್ವರಯ್ಯನವರಲ್ಲವೆ? ಹಾಗೆ ಹುಟ್ಟಿದವು 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ. ಮಾವನವರು ಕಟ್ಟೆಯ ಮೇಲೆ ಸಂಜೆಯವರೆಗೂ ಮಾತಿಲ್ಲದೆ ಕುಳಿತಿದ್ದರು. ಊರಿಗೆ ಕುಡಿಯುವ ನೀರು ಕೊಟ್ಟ ಕೆರೆಯಲ್ಲಿ ಗಾಳ ಹಾಕಲು ಅವರಿಗೆ ಮನಸ್ಸು ಬರಲಿಲ್ಲ. ಆದರೆ ಮರುದಿನ ಬೆಳಗ್ಗೆಯೇ, “ಬೇಗಂ ಬಜಾರಿಗೆ ಹೋದರ ಹಿತ್ತಾಳಿ ತಗಡು ತಗೊಂಡು ಬಾ” ಎಂದರು.

ಚಮಚೆಯ ಬಟ್ಟಲಿನಂತೆ ತಗಡನ್ನು ಬಡಿದು ಬಾಗಿಸಿ, ಒಂದು ತುದಿಗೆ ದಾರ, ಇನ್ನೊಂದಕ್ಕೆ ಗಾಳ ಕಟ್ಟಿದರೆ ಅದು ನೀರಿನಲ್ಲಿ ಒಲೆಯುತ್ತ ಮರಿಮೀನಿನಂತೆ ಮಿನುಗುತ್ತದೆ. ಬೇಟೆಯಾಡಿ ತಿನ್ನುವ ಮೀನು ಮೋಸಹೋಗುತ್ತದೆ. ತೆಲಂಗಾಣದ ರಾಜ್ಯ ಮೀನೆನಿಸಿದ ಕೊರಮೀನು ಅಂಥದು. ಅಮೆರಿಕದ ಜೂಲಿಯೊ ಬ್ಯುಯೆಲ್ ಎಂಬಾತ ಇಂಥ ಚಮಚೆಗೆ 1852ರಲ್ಲೇ ಪೇಟೆಂಟ್ ಪಡೆದಿದ್ದ. ಊಟದ ಚಮಚೆ ಕೈಜಾರಿ ಕೆರೆಗೆ ಬಿದ್ದಾಗ ಮೀನೊಂದು ಬಂದು ನುಂಗಿದ್ದನ್ನು ಕಂಡು ಹೊಳೆಯಿತಂತೆ. ಮಾವನವರಿಗೆ ಇದು ತಮ್ಮ ತಂದೆಯವರಿಂದ ಬಂದ ವಿದ್ಯೆ. ಬ್ಯುಯೆಲ್‌ನ ಹಂಗೇನೂ ಇರಲಿಲ್ಲ.

ದಸರೆಯ ಹೊತ್ತಿಗೆ ಕೃಷ್ಣೆಯ ನೀರು ಕೆಂಪು ರಾಡಿಯಾಗಿರುವುದರಿಂದ ಬರಿಯ ಹಿತ್ತಾಳೆ ಕಾಣದೆಂದು, ಮೊಮ್ಮಕ್ಕಳು ಕೆಂಪು ಬಿಳಿ ಎನಾಮಲ್ ಬಳಿದರು. ಆರು ಚಮಚೆಗಳನ್ನು ಕಟ್ಟಿಕೊಂಡು ಮಹಬೂಬನಗರ, ಮಕ್ತಲ್ ದಾಟಿ ಊರು ಸೇರಿದೆವು. ಮೊದಲ ಬೆಳಗ್ಗೆಯೇ ಬಣ್ಣವೆಲ್ಲ ಎಕ್ಕಲೆಕ್ಕಲಾಗಿ ಎದ್ದುಹೋಯಿತು. “ಯಾಕ್ರೀ, ಹೈದರಾಬಾದ್ ಮೀನು ಪೊರಿ ಬಿಡ್ತಾವೇನು?” ಎಂದು ಹಳೆಯ ಗೆಳೆಯರು ನಕ್ಕರು. ಮಾವನವರೂ ಜೊತೆಗೆ ನಕ್ಕರು. ಆದರೆ ಹಿಂದಿರುಗಿದ ಮೇಲೆ ತಗಡು ಮುಟ್ಟಲಿಲ್ಲ. “ಕೈ ಹೋತು ಬಿಡು” ಎಂದರು. ಆ ಮಾತು ನಮಗೆ ಹಿಡಿಸಲಿಲ್ಲ.

ಕೈಯ ದೋಷವಲ್ಲವೆಂದು ತೋರಿಸಿಕೊಟ್ಟವನು ನಮ್ಮ ಬೀದಿಯಲ್ಲಿ ಕಾರಿಗೆ ಬಣ್ಣ ಹೊಡೆಯುವ ಹುಡುಗ. ಉದುರಿದ ಚಮಚೆಯನ್ನು ನೋಡಿ, ಹಿತ್ತಾಳೆ ನುಣುಪು, ಎಣ್ಣೆಯ ಪಸೆ ಬೇರೆ, ಬಣ್ಣ ಹಿಡಿಯುವುದು ಯಾವುದನ್ನು, ಎಂದು ತನ್ನ ಹೈದರಾಬಾದಿ ಉರ್ದುವಿನಲ್ಲಿ ಕೇಳಿದ. ಸರಿ, ಸಂಕ್ರಾಂತಿಯ ಒಣ ಹವೆಯಲ್ಲಿ ಮತ್ತೆ ಶುರುವಾಯಿತು. ಮೊದಲು ಅಂಚನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದರು. ಹರಿತವಾದ ಅಂಚಿನಲ್ಲಿ ಬಣ್ಣ ತೆಳುವಾಗಿ ನಿಲ್ಲುವುದರಿಂದ ಒಡಕು ಅಲ್ಲಿಂದಲೇ ಮೊದಲಾಗುತ್ತದೆ. ಸಾಬೂನಿನಿಂದ ಪಸೆ ತೆಗೆದು, ಹುಣಸೆಹಣ್ಣಿನಿಂದ ಕಿಲುಬು ತೊಳೆದು, ಎಮರಿ ಕಾಗದದಿಂದ ಸಣ್ಣಗೆ ಗೀರು ಬೀಳುವಂತೆ ತಿಕ್ಕಿದರು. ಮತ್ತೆ ತೊಳೆದು ಒಣಗಿದ ಮೇಲೆ ಬೆರಳು ಸೋಕಿಸಕೂಡದು. ಬೆರಳಿನ ಜಿಡ್ಡೇ ಸಾಕು ಬಣ್ಣ ಕೆಡಲು. ತಂತಿಯಲ್ಲಿ ತೂಗುಹಾಕಿ, ಅಂದೇ, ಲೋಹವನ್ನು ಕಚ್ಚಿ ಹಿಡಿಯುವ ಎಚಿಂಗ್ ಪ್ರೈಮರು. ಬಳಿಕ ಬಿಳಿಯ ತಳಬಣ್ಣ, ಅದರ ಮೇಲೆ ಕೆಂಪು, ಎಲ್ಲವೂ ತೆಳುವಾಗಿ. ಒಂದೇ ಸಲಕ್ಕೆ ದಪ್ಪಗೆ ಬಳಿಯಹೋಗಿ ಒಂದು ಚಮಚೆ ಒಣದ್ರಾಕ್ಷಿಯಂತೆ ಸುಕ್ಕಾಯಿತು. ಹೊಟ್ಟೆಯ ಕಡೆ ಬಣ್ಣ ಹಚ್ಚಲಿಲ್ಲ, ಹೊಳಪು ಬೇಕಲ್ಲ!

ವಾರ ಒಣಗಿಸಿ, ಕೊನೆಗೆ ಎರಡು ದ್ರವ ಬೆರೆಸುವ ಎಪಾಕ್ಸಿಯ ಗಾಜಿನಂಥ ಲೇಪ. ಅದು ಗಟ್ಟಿಯಾಗುವವರೆಗೆ ಒಂದೆಡೆ ಇಳಿದು ಕೂಡದಂತೆ ತಿರುಗಿಸುತ್ತಲೇ ಇರಬೇಕು. ಮೊಮ್ಮಕ್ಕಳು ಪಾಳಿಯ ಮೇಲೆ ತಿರುಗಿಸಿದರು. ಥಿನ್ನರಿನ ವಾಸನೆಗೆ ನಮ್ಮ ಮನೆಯವರು ಮೂರು ದಿನ ಬಾಲ್ಕನಿಯ ಬಾಗಿಲನ್ನೇ ತೆರೆಯಲಿಲ್ಲ. ಇಷ್ಟಾದರೂ ಬಿಸಿಲಿಗೆ ಎಪಾಕ್ಸಿ ಹಳದಿಗಟ್ಟುವುದುಂಟು.

“ನಮ್ಮ ಬೀದರಿನವರಿಗೆ ಈ ತಾಪತ್ರಯವೇ ಇಲ್ಲ ನೋಡು” ಎಂದರು ಮಾವನವರು. ನಿಜವೇ. ಬಿದರಿಯ ಕಪ್ಪು ಬಣ್ಣವೇ ಅಲ್ಲ. ಕೋಟೆಯ ಮಣ್ಣು, ನವಸಾಗರ ಬೆರೆಸಿದ ಬಿಸಿನೀರಿಗೆ ಸತುವಿನ ಮೈಯೇ ಕಪ್ಪಾಗುತ್ತದೆ, ಬೆಳ್ಳಿ ಹಾಗೆಯೇ ಹೊಳೆಯುತ್ತದೆ. ಮೇಲೆ ಬಳಿಯದಿದ್ದುದು ಎದ್ದುಹೋಗುವುದೆಲ್ಲಿ?

ಯುಗಾದಿಗೆ ಊರಿಗೆ ಹೋದಾಗ ಅವರು ಕೆಂಪು ಚಮಚೆಯೊಂದನ್ನು ಎರಡು ದಿನ ಬಂಡೆಗಳ ನಡುವೆ ಎಳೆದಾಡಿದರು. ಎರಡನೆಯ ದಿನ ಮೊಳಕ್ಕೆ ತುಸು ಕಡಮೆಯ ಕೊರಮೀನು ಸಿಕ್ಕಿತು. ಗೆಳೆಯರಿಗೆ ಮೀನಿಗಿಂತ ಚಮಚೆಯ ಮೇಲೆಯೇ ಕಣ್ಣು, ಉಗುರಿನಿಂದ ಕೆರೆದರು. ಹಲ್ಲಿನ ಗೀರು ಎರಡಿದ್ದವು, ಬಣ್ಣ ಎದ್ದಿರಲಿಲ್ಲ. ಅಂದೇ ಸಂಜೆ ಅದು ಬಂಡೆಯ ಸಂದಿಗೆ ಸಿಕ್ಕಿ, ದಾರ ಹರಿದು, ಕೃಷ್ಣೆಯ ಪಾಲಾಯಿತು. ಮಾವನವರು ನೀರನ್ನೇ ನೋಡುತ್ತ ನಿಂತು, “ಇರಲಿ, ಇನ್ನ ಐದವ” ಎಂದರು. ದಾರಿಯಲ್ಲಿ ಬಸ್ಸು ಆರಾಮ್‌ಘರ್ ಮುಟ್ಟುವ ಮುನ್ನವೇ, ಮುಂದಿನದಕ್ಕೆ ಹಸಿರು ಬಳಿಯಬೇಕೋ ಹಳದಿಯೋ ಎಂದು ತಾತನಿಗೂ ಮೊಮ್ಮಕ್ಕಳಿಗೂ ಜಗಳ ಹತ್ತಿತ್ತು.