ತಮ್ಮನ ಕುರ್ಚಿ

ಹೋದ ಯುಗಾದಿಗೆ ನೈಜೀರಿಯಾದಿಂದ ಬಂದ ನನ್ನ ತಮ್ಮ ಮತ್ತೆ ಅಲ್ಲಿಗೆ ಹೋಗಲಿಲ್ಲ. ಪೋರ್ಟ್ ಹಾರ್ಕೋರ್ಟ್‌ನಲ್ಲಿ ತೈಲ ಕಂಪನಿಯೊಂದರ ಗುತ್ತಿಗೆದಾರರ ಬಳಿ ಪೈಪುಗಳ ವೆಲ್ಡಿಂಗ್ ತಪಾಸಣೆ ಮಾಡುವ ಕೆಲಸ ಅವನದಾಗಿತ್ತು. ಕೈಕೆಳಗಿದ್ದ ಆ ದೇಶದ ಹುಡುಗನೊಬ್ಬನಿಗೆ ನಾಲ್ಕು ವರ್ಷ ಕೆಲಸ ಕಲಿಸಿದ. ಈಗ ಆ ಹುಡುಗನೇ ಇವನ ಕುರ್ಚಿಯಲ್ಲಿ ಕೂತಿದ್ದಾನೆ.

"ಇದ್ಯಾವ ನ್ಯಾಯವೋ! ವಿದ್ಯೆ ಕಲಿಸಿದವನನ್ನೇ ಮನೆಗೆ ಕಳಿಸೋದೇ?" ಎಂದು ಒಬ್ಬಟ್ಟಿಗೆ ತುಪ್ಪ ಬಡಿಸುತ್ತಲೇ ಸಿಡುಕಿದೆ.

"ಅಲ್ಲಿನ ಕಾನೂನೇ ಹಾಗಿದೆ ಅಕ್ಕ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಅದು 2010ರ ಕಾನೂನು. ತೈಲ, ಅನಿಲದ ಉದ್ಯಮದಲ್ಲಿ ಹೊರದೇಶದವರು ಕೂತ ಹುದ್ದೆಯಲ್ಲಿ ನೈಜೀರಿಯಾದವನೊಬ್ಬ ಜೊತೆಗಿದ್ದು ಕಲಿಯಬೇಕು. ಹೆಚ್ಚೆಂದರೆ ನಾಲ್ಕು ವರ್ಷ, ಆಮೇಲೆ ಹುದ್ದೆ ಅವನದು. ಆಡಳಿತದ ಹುದ್ದೆಗಳಲ್ಲಿ ಹೊರಗಿನವರು ನೂರಕ್ಕೆ ಐದಕ್ಕಿಂತ ಹೆಚ್ಚು ಇರುವಂತಿಲ್ಲ. ಗುತ್ತಿಗೆಯ ಹಣದಲ್ಲಿ ನೂರಕ್ಕೆ ಒಂದು ಪಾಲು ಸ್ಥಳೀಯರನ್ನು ಬೆಳೆಸುವ ನಿಧಿಗೆ ಸೇರಬೇಕು.

ಗೋಡೆಗೆ ಆಫ್ರಿಕಾದ ಭೂಪಟ ತೂಗುಹಾಕಿ "ನೈಜೀರಿಯಾ: ತೈಲ" ಎಂದು ಎಷ್ಟೋ ವರ್ಷ ಮಕ್ಕಳಿಂದ ಬಾಯಿಪಾಠ ಮಾಡಿಸಿದವಳು ನಾನು. ಆ ತೈಲ ಯಾರ ಅಂಗಳದ್ದು ಎಂದು ಯಾವ ಮಗುವೂ ಕೇಳಲಿಲ್ಲ, ನಾನೂ ಹೇಳಲಿಲ್ಲ. 1956ರಲ್ಲಿ ಒಲೊಯಿಬಿರಿ ಎಂಬ ಹಳ್ಳಿಯಲ್ಲಿ ತೈಲ ಸಿಕ್ಕಿತು. 1958ರಲ್ಲಿ ಹಡಗು ಹತ್ತಿ ಹೊರದೇಶಕ್ಕೆ ಹೊರಟಿತು. ಮೀನು ಹಿಡಿದು ಬದುಕುವ ಸುತ್ತಲಿನ ಹಳ್ಳಿಗಳ ಪಾಲಿಗೆ ಉಳಿದದ್ದು ನೀರಿನ ಮೇಲೆ ತೇಲುವ ಎಣ್ಣೆ, ಹಗಲೂ ರಾತ್ರಿ ಉರಿಯುವ ಅನಿಲದ ಜ್ವಾಲೆ.

2002ರ ಜುಲೈನಲ್ಲಿ ಅಂಥ ಹಳ್ಳಿಗಳ ಹೆಂಗಸರು ಎಸ್ಕ್ರಾವೋಸ್ ಎಂಬಲ್ಲಿ ಶೆವ್ರಾನ್‌ಟೆಕ್ಸಾಕೊ ಕಂಪನಿಯ ತೈಲ ಕೇಂದ್ರಕ್ಕೆ ನುಗ್ಗಿ ಹತ್ತು ದಿನ ಅಲ್ಲೇ ಕೂತರು. ಅಜ್ಜಿಯರಿದ್ದರು, ಬೆನ್ನಿಗೆ ಕೂಸು ಕಟ್ಟಿಕೊಂಡ ತಾಯಂದಿರಿದ್ದರು. ಎಬ್ಬಿಸಲು ಬಂದರೆ ಮೈಮೇಲಿನ ಬಟ್ಟೆ ಕಳಚುತ್ತೇವೆ ಎಂದರಂತೆ. ತಾಯಿ ಹಾಗೆ ಮಾಡುವುದು ಎದುರಿನವನಿಗೆ ಶಾಪವೆಂದು ಅಲ್ಲಿನ ನಂಬಿಕೆ. ಅವರು ಕೇಳಿದ್ದಾದರೂ ಏನು? ಮಕ್ಕಳಿಗೆ ಕೆಲಸ, ಊರಿಗೆ ಕರೆಂಟು, ನೀರು, ಶಾಲೆ. ಕೊನೆಗೆ ಕಂಪನಿ ಐದು ವರ್ಷದಲ್ಲಿ ಕನಿಷ್ಠ 25 ಜನರಿಗೆ ಕೆಲಸ ಕೊಡಲು ಒಪ್ಪಿತು. ಇಪ್ಪತ್ತೈದೇ ಜನ! ನನ್ನ ಒಂದು ತರಗತಿಯ ಅರ್ಧ.

ಕಾನೂನು ಬಂದೊಡನೆ ಎಲ್ಲ ಸರಿಹೋಯಿತೆಂದಲ್ಲ. ಕಾನೂನಿನ ಕಣ್ಣಿಗೆ ಲಾಗೋಸ್ ಪಟ್ಟಣದ ಸಿರಿವಂತನೂ ಸ್ಥಳೀಯನೇ, ಒಲೊಯಿಬಿರಿಯ ಬೆಸ್ತರ ಹುಡುಗನೂ ಸ್ಥಳೀಯನೇ. ಮೊದಲು ಯಾರ ತಟ್ಟೆಗೆ ಬೀಳುತ್ತದೆಂದು ನಿಮಗೆ ಗೊತ್ತು.

"ನಿನ್ನ ಶಿಷ್ಯ ಯಾರ ಮಗನೋ?" ಎಂದು ಕೇಳಿದೆ.

"ಅವನಮ್ಮ ಮೀನು ಒಣಗಿಸಿ ಮಾರ್ತಾಳೆ ಅಕ್ಕ. ಅವನು ಹೆಲ್ಮೆಟ್ ಹಾಕಿಕೊಂಡು ಗೇಟಿನೊಳಗೆ ಹೋದ ಮೊದಲ ದಿನ, ನೋಡೋಕೆ ಅಂತ ಬಂದು ರಸ್ತೆ ಆಚೆ ನಿಂತಿದ್ದಳು."

ತಮ್ಮನಿಗೆ ಮನೆ ಸಾಲದ ಕಂತು ಇನ್ನೂ ಆರು ವರ್ಷ ಇದೆ. ಐವತ್ತರ ಹತ್ತಿರ ಬಂದವನು ಕೆಲಸ ಹುಡುಕುವುದನ್ನು ನೋಡಿದರೆ ಕರುಳು ಚುರುಕ್ ಎನ್ನುತ್ತದೆ. ಆದರೂ ರಸ್ತೆಯಾಚೆ ನಿಂತ ಆ ತಾಯಿಯ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಆಗುತ್ತಿಲ್ಲ.