ಐಸ್ ಹೌಸ್‌ನಿಂದ ಅಡುಗೆಮನೆಗೆ

ಚೆನ್ನೈಯ ಮರೀನಾ ಕಡಲತೀರಕ್ಕೆ ಸಮಾನಾಂತರವಾಗಿ ಸಾಗುವ ಕಾಮರಾಜ್ ರಸ್ತೆಯಲ್ಲಿ, ತಿರುವಲ್ಲಿಕೇಣಿಯ ಬಳಿ, ಸಮುದ್ರಕ್ಕೆ ಮುಖಮಾಡಿ ನಿಂತ ದುಂಡನೆಯ ಕಟ್ಟಡವೊಂದಿದೆ. ಅದರ ಈಗಿನ ಹೆಸರು ವಿವೇಕಾನಂದ ಇಲ್ಲಂ. ಒಳಗೆ ಸ್ವಾಮೀಜಿಯವರ ಜೀವನವನ್ನು ಪರಿಚಯಿಸುವ ಪ್ರದರ್ಶನವಿದೆ. ಆದರೆ ಸುತ್ತಲಿನ ಬೀದಿಗಳಲ್ಲಿ ಇರುವವರಿಗೆ ಆ ಪ್ರದೇಶ ಇಂದಿಗೂ 'ಐಸ್ ಹೌಸ್'. ಅಲ್ಲಿನ ಪೊಲೀಸ್ ಠಾಣೆಗೂ ಅದೇ ಹೆಸರು.

ರಜೆಯಲ್ಲಿ ಬೆಂಗಳೂರು, ಮೈಸೂರು ಕಡೆಯಿಂದ ಚೆನ್ನೈಗೆ ಹೋಗುವ ಕುಟುಂಬಗಳು ಮರೀನಾದ ಮರಳಲ್ಲಿ ಆಡಿ, ಈ ಕಟ್ಟಡವನ್ನೂ ನೋಡಿ ಬರುವುದುಂಟು. ವರ್ಷವಿಡೀ ಬೆವರು ಸುರಿಯುವ ಈ ಊರಿನಲ್ಲಿ ಐಸಿಗೊಂದು ಮನೆ ಏಕೆ ಬೇಕಾಯಿತು? ಆ ಐಸ್ ಎಲ್ಲಿಂದ ಬಂತು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತ ಹೋದರೆ ದಾರಿ ಅಮೆರಿಕದ ಕೆರೆಗಳವರೆಗೆ ಹೋಗಿ, ನಮ್ಮ ಅಡುಗೆಮನೆಯ ಮೊಸರಿನ ಪಾತ್ರೆಗೆ ಬಂದು ನಿಲ್ಲುತ್ತದೆ. ಮನೆಯಲ್ಲೇ ಮೊಸರನ್ನು ಹೆಪ್ಪುಗಟ್ಟಿಸಿ ಐಸ್‌ಕ್ರೀಮಿನಂಥ ತಿನಿಸು ಮಾಡಬೇಕೆನ್ನುವವರಿಗೆ ಈ ಕಟ್ಟಡ ಕಲಿಸುವ ವಿಜ್ಞಾನವೇ ಸಾಕು.

ಹಡಗಿನಲ್ಲಿ ಬಂದ ಚಳಿಗಾಲ

ಅಮೆರಿಕದ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ (1783–1864) ಎಂಬ ವ್ಯಾಪಾರಿಗೆ ವಿಚಿತ್ರವಾದ ಆಲೋಚನೆಯೊಂದು ಹೊಳೆಯಿತು. ತನ್ನ ನಾಡಿನ ಕೆರೆಗಳಲ್ಲಿ ಚಳಿಗಾಲದಲ್ಲಿ ಪುಕ್ಕಟೆಯಾಗಿ ಹೆಪ್ಪುಗಟ್ಟುವ ನೀರನ್ನು ಬಿಸಿಲಿನ ನಾಡುಗಳಿಗೆ ಮಾರಿದರೆ ಹೇಗೆ? 1806ರಲ್ಲಿ ವೆಸ್ಟ್ ಇಂಡೀಸಿನ ಮಾರ್ಟಿನಿಕ್ ದ್ವೀಪಕ್ಕೆ ಆತ ಮೊದಲ ಹಡಗು ಕಳುಹಿಸಿದಾಗ ಊರವರು ನಕ್ಕರು. ನಷ್ಟವೂ ಆಯಿತು. ಟ್ಯೂಡರ್ ಬಿಡಲಿಲ್ಲ.

1833ರ ಮೇ ತಿಂಗಳಲ್ಲಿ 'ಟಸ್ಕನಿ' ಎಂಬ ಹಡಗು 180 ಟನ್ ಮಂಜುಗಡ್ಡೆ ಹೊತ್ತು ಬಾಸ್ಟನ್ನಿನಿಂದ ಕಲ್ಕತ್ತೆಗೆ ಹೊರಟಿತು. ನಾಲ್ಕು ತಿಂಗಳ ಪಯಣ. ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಬೇಕು. ಸೆಪ್ಟೆಂಬರಿನಲ್ಲಿ ಹಡಗು ಕಲ್ಕತ್ತೆ ಮುಟ್ಟಿದಾಗ ಸುಮಾರು 100 ಟನ್ ಮಂಜುಗಡ್ಡೆ ಇನ್ನೂ ಉಳಿದಿತ್ತು! ವಿದ್ಯುತ್ ಇಲ್ಲ, ಯಂತ್ರವಿಲ್ಲ. ಹಾಗಾದರೆ ಅದು ಉಳಿದದ್ದು ಹೇಗೆ?

ಉತ್ತರ ಎರಡು ಸರಳ ಸಂಗತಿಗಳಲ್ಲಿದೆ. ಮೊದಲನೆಯದು ಗಾತ್ರ. ಒಂದು ಮೀಟರ್ ಉದ್ದ, ಅಗಲ, ಎತ್ತರದ ಗಡ್ಡೆಯ ಹೊರಮೈ 6 ಚದರ ಮೀಟರ್. ಅದನ್ನೇ ಅರ್ಧ ಮೀಟರಿನ ಎಂಟು ತುಂಡು ಮಾಡಿದರೆ ಹೊರಮೈ ಒಟ್ಟು 12 ಚದರ ಮೀಟರ್ ಆಗುತ್ತದೆ. ಮಂಜು ಅಷ್ಟೇ, ಶಾಖ ಒಳನುಗ್ಗುವ ಬಾಗಿಲು ಮಾತ್ರ ಎರಡರಷ್ಟು. ಆದ್ದರಿಂದ ಗಡ್ಡೆಗಳು ಒಂದಕ್ಕೊಂದು ಒತ್ತಿಕೊಂಡು, ಒಂದೇ ದೊಡ್ಡ ಬಂಡೆಯಂತೆ ಕೂರಬೇಕು. 1820ರ ದಶಕದಲ್ಲಿ ನಥಾನಿಯಲ್ ವೈಯೆತ್ ಎಂಬಾತ ರೂಪಿಸಿದ, ಕುದುರೆ ಎಳೆಯುವ ನೇಗಿಲಿನಂಥ ಸಾಧನ ಕೆರೆಯ ಮಂಜನ್ನು ಸಮನಾದ ಚೌಕಗಳಾಗಿ ಕೊಯ್ಯತೊಡಗಿದ ಮೇಲೆ ಇದು ಸುಲಭವಾಯಿತು. ಎರಡನೆಯದು ಮರದ ಹೊಟ್ಟು. ಅದರ ಕಣಗಳ ನಡುವೆ ಸಿಕ್ಕಿಬಿದ್ದ ಗಾಳಿ ಶಾಖವನ್ನು ಸುಲಭವಾಗಿ ಒಳಬಿಡುವುದಿಲ್ಲ. ಸೌದೆ ಮಿಲ್ಲಿನವರು ಬಿಸಾಡುತ್ತಿದ್ದ ಕಸವೇ ಮಂಜಿಗೆ ಕಂಬಳಿಯಾಯಿತು.

ಹೀಗೆ ಬಂದ ಮಂಜನ್ನು ಇಳಿಸಿ ಇಡಲು ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ಐಸ್ ಹೌಸುಗಳು ಎದ್ದವು. ಮದರಾಸಿನದು ಕಟ್ಟಿದ್ದು 1842ರಲ್ಲಿ. ಮೂರರಲ್ಲಿ ಇಂದಿಗೂ ನಿಂತಿರುವುದು ಅದೊಂದೇ. ಹೆನ್ರಿ ಡೇವಿಡ್ ಥೋರೋ ತನ್ನ 'ವಾಲ್ಡನ್' (1854) ಪುಸ್ತಕದಲ್ಲಿ, ತನ್ನ ಗುಡಿಸಲಿನ ಬಳಿಯ ಕೊಳದಲ್ಲಿ ಮಂಜು ಕೊಯ್ಯುವುದನ್ನು ಕಂಡು, ಮದರಾಸು, ಮುಂಬಯಿ, ಕಲ್ಕತ್ತೆಯ ಜನ ತನ್ನ ಬಾವಿಯ ನೀರನ್ನೇ ಕುಡಿಯಲಿದ್ದಾರೆಂದು ಸೋಜಿಗಪಟ್ಟಿದ್ದಾನೆ.

1870ರ ದಶಕದಲ್ಲಿ ಯಂತ್ರದಿಂದ ಮಂಜುಗಡ್ಡೆ ಮಾಡುವ ಕಾರ್ಖಾನೆಗಳು ಭಾರತದಲ್ಲೇ ಆರಂಭವಾದವು. ಹಡಗಿನ ವ್ಯಾಪಾರ ಕರಗಿಹೋಯಿತು. ಖಾಲಿಯಾದ ಐಸ್ ಹೌಸನ್ನು ವಕೀಲ ಬಿಳಿಗಿರಿ ಅಯ್ಯಂಗಾರ್ ಕೊಂಡು, ಕಿಟಕಿ, ಜಗಲಿ ಇಡಿಸಿ ವಾಸದ ಮನೆ ಮಾಡಿಕೊಂಡರು. ಪಶ್ಚಿಮ ದೇಶಗಳಿಂದ ಮರಳಿದ ಸ್ವಾಮಿ ವಿವೇಕಾನಂದರು 1897ರ ಫೆಬ್ರವರಿಯಲ್ಲಿ ಒಂಬತ್ತು ದಿನ ಇಲ್ಲಿಯೇ ತಂಗಿದ್ದರು. ಮುಂದೆ ಇದೇ ಕಟ್ಟಡ, ಸ್ವತಃ ಬಾಲವಿಧವೆಯಾಗಿದ್ದು ಓದಿ ಪದವೀಧರೆಯಾದ ಸೋದರಿ ಸುಬ್ಬಲಕ್ಷ್ಮಿಯವರ ಆಶ್ರಯದಲ್ಲಿ, ಎಳೆಯ ವಿಧವೆಯರು ವಿದ್ಯೆ ಕಲಿಯುವ ನಿಲಯವೂ ಆಯಿತು. ಮಂಜನ್ನು ಕಾಪಾಡಲು ಕಟ್ಟಿದ ಗೋಡೆಗಳು ಮಕ್ಕಳ ಬಾಳನ್ನು ಕಾಪಾಡಿದವು.

ತಂಪು ಎಂಬುದು ಕೊಡುವ ವಸ್ತುವಲ್ಲ

ಐಸ್ ಹೌಸ್ ಕಲಿಸುವ ದೊಡ್ಡ ಪಾಠವೊಂದಿದೆ. 'ಮಂಜುಗಡ್ಡೆ ತಂಪು ಕೊಡುತ್ತದೆ' ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ಅದು ಏನನ್ನೂ ಕೊಡುವುದಿಲ್ಲ, ಕಸಿದುಕೊಳ್ಳುತ್ತದೆ. 0 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಗ್ರಾಂ ಮಂಜು ಕರಗಿ ಅದೇ ಉಷ್ಣತೆಯ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅಷ್ಟೇ ಶಾಖದಿಂದ ಒಂದು ಗ್ರಾಂ ನೀರನ್ನು 0ಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು! ಶಾಲೆಯ ಪುಸ್ತಕದಲ್ಲಿ ಇದಕ್ಕೆ ಗುಪ್ತೋಷ್ಣ ಎನ್ನುತ್ತಾರೆ. ಮಂಜುಗಡ್ಡೆ ಈ ಶಾಖವನ್ನು ಸುತ್ತಲಿನ ವಸ್ತುವಿನಿಂದ ಎಳೆದುಕೊಳ್ಳುತ್ತದೆ. ಆ ವಸ್ತು ಮೊಸರಾಗಿದ್ದರೆ ಮೊಸರು ತಣ್ಣಗಾಗುತ್ತದೆ.

ಆದರೆ ಬರಿಯ ಮಂಜಿನಲ್ಲಿಟ್ಟರೆ ಸಿಹಿ ಮೊಸರು ಗಟ್ಟಿಯಾಗದು. ಸಕ್ಕರೆ ಕರಗಿದ ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಇನ್ನೂ ಕೆಳಗಿಳಿಯಬೇಕು. ಇಲ್ಲಿ ನೆರವಿಗೆ ಬರುವುದು ಅಡುಗೆಮನೆಯ ಕಲ್ಲುಪ್ಪು. ಉಪ್ಪು ಬೆರೆತಾಗ ಮಂಜು 0 ಡಿಗ್ರಿಗಿಂತ ಕೆಳಗೂ ಕರಗುತ್ತಲೇ ಹೋಗುತ್ತದೆ. ಕರಗಲು ಬೇಕಾದ ಶಾಖವನ್ನು ತನ್ನಿಂದಲೂ ನೆರೆಯವರಿಂದಲೂ ಕಸಿಯುತ್ತದೆ. ಹೀಗೆ ಆ ಮಿಶ್ರಣ ಮೈನಸ್ 10, ಮೈನಸ್ 15 ಡಿಗ್ರಿಗೂ ಇಳಿಯಬಲ್ಲದು. ಉಪ್ಪಿನಿಂದ ಇಳಿಸಬಹುದಾದ ಮಿತಿ ಸುಮಾರು ಮೈನಸ್ 21. ಚಳಿ ದೇಶಗಳಲ್ಲಿ ರಸ್ತೆಯ ಮೇಲಿನ ಮಂಜಿಗೆ ಉಪ್ಪು ಎರಚುವುದೂ ಇದೇ ಕಾರಣಕ್ಕೆ.

1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಇದೇ ತತ್ತ್ವದ ಮೇಲೆ ಕೈಯಿಂದ ತಿರುಗಿಸುವ ಐಸ್‌ಕ್ರೀಂ ಯಂತ್ರಕ್ಕೆ ಪೇಟೆಂಟ್ ಪಡೆದರು. 1970ರ ದಶಕದಲ್ಲಿ, ಹಿಂದೆ ಮದರಾಸಿಗೆ ಮಂಜು ಕಳುಹಿಸಿದ ಅದೇ ನ್ಯೂ ಇಂಗ್ಲೆಂಡ್ ಸೀಮೆಯ ಹುಡ್ ಎಂಬ ಹಾಲಿನ ಕಂಪನಿ ಐಸ್‌ಕ್ರೀಮಿನ ಬದಲು ಮೊಸರನ್ನೇ ಹೆಪ್ಪುಗಟ್ಟಿಸಿ 'ಫ್ರೋಗರ್ಟ್' ಎಂಬ ಹೆಸರಿನಲ್ಲಿ ಮಾರಿತು. ಈಗ ನಮ್ಮ ನಗರಗಳ ಅಂಗಡಿಗಳಲ್ಲೂ 'ಫ್ರೋಜನ್ ಯೋಗರ್ಟ್' ಸಿಗುತ್ತದೆ. ಅದಕ್ಕೆ ಬೇಕಾದ ಮುಖ್ಯ ಪದಾರ್ಥವಾದರೋ ನಮ್ಮ ಮನೆಗಳಲ್ಲಿ ದಿನವೂ ರಾತ್ರಿ ಹೆಪ್ಪು ಹಾಕಿ ಮಲಗುವ ಮೊಸರು!

ಮನೆಯಲ್ಲಿ ಮಾಡುವ ಬಗೆ

ಚೆನ್ನಾಗಿ ಕಾಯಿಸಿದ ಕೆನೆಹಾಲಿನಿಂದ ಹುಳಿಯೇರದ ಒಂದು ಕಿಲೋ ಮೊಸರು ಮಾಡಿಕೊಳ್ಳಿ. ಶುಭ್ರವಾದ ತೆಳುಬಟ್ಟೆಯಲ್ಲಿ ಕಟ್ಟಿ, ಸಾಧ್ಯವಾದರೆ ಫ್ರಿಜ್ಜಿನೊಳಗೇ ಮೂರು ನಾಲ್ಕು ಗಂಟೆ ನೀರು ಬಸಿಯಲು ಬಿಡಿ. ಸುಮಾರು ಅರ್ಧ ಕಿಲೋ ಗಟ್ಟಿ ಮೊಸರು ಉಳಿಯುತ್ತದೆ. ನೀರು ಕಡಿಮೆಯಾದಷ್ಟೂ ಮಂಜಿನ ಹರಳು ಕಡಿಮೆ. ಬಸಿದ ನೀರನ್ನು ಚೆಲ್ಲಬೇಡಿ, ಚಪಾತಿ ಹಿಟ್ಟು ಕಲಸಲು ಸೊಗಸಾಗುತ್ತದೆ.

ಮೊಸರಿಗೆ 100ರಿಂದ 125 ಗ್ರಾಂ ಸಕ್ಕರೆಪುಡಿ, ಒಂದು ಬಟ್ಟಲು ಮಾವಿನ ಹಣ್ಣಿನ ತಿರುಳು, ಚಿಟಿಕೆ ಏಲಕ್ಕಿ ಸೇರಿಸಿ ಕಡೆಯಿರಿ. ಮಾವಿನ ಕಾಲವಲ್ಲದಿದ್ದರೆ ಬಾಳೆಹಣ್ಣು ಆದೀತು. ಬಾಯಿಗೆ ಹಾಕಿ ನೋಡಿದಾಗ ಸಿಹಿ ತುಸು ಹೆಚ್ಚೆನಿಸಬೇಕು, ಏಕೆಂದರೆ ತಣ್ಣಗಿನ ನಾಲಿಗೆಗೆ ಸಿಹಿ ಮಂದವಾಗಿ ತಿಳಿಯುತ್ತದೆ. ಸಕ್ಕರೆಯನ್ನು ತೀರಾ ಕಡಿಮೆ ಮಾಡಿದರೆ ತಿನಿಸು ಕಲ್ಲಾಗುತ್ತದೆ.

ಇದನ್ನು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಅರ್ಧದಷ್ಟೇ ತುಂಬಿ. ಬಕೆಟ್ಟಿನಲ್ಲಿ ಪುಡಿಮಾಡಿದ ಎರಡು ಕಿಲೋ ಮಂಜು, ಅರ್ಧ ಕಿಲೋ ಕಲ್ಲುಪ್ಪನ್ನು ಪದರ ಪದರವಾಗಿ ಹಾಕಿ, ನಡುವೆ ಡಬ್ಬಿಯನ್ನು ಇಳಿಸಿ. ಬಕೆಟ್ಟಿಗೆ ಗೋಣಿಚೀಲ ಸುತ್ತಿ, ಹಡಗಿನಲ್ಲಿ ಮರದ ಹೊಟ್ಟು ಮಾಡಿದ ಕೆಲಸವನ್ನು ಇಲ್ಲಿ ಗೋಣಿ ಮಾಡುತ್ತದೆ. ಡಬ್ಬಿಯನ್ನು ಅತ್ತಿತ್ತ ತಿರುಗಿಸುತ್ತಿರಿ. ಐದು ನಿಮಿಷಕ್ಕೊಮ್ಮೆ ಮುಚ್ಚಳದ ಮೇಲಿನ ಉಪ್ಪುನೀರನ್ನು ಒರೆಸಿ, ತೆರೆದು, ಅಂಚಿಗೆ ಅಂಟಿದ್ದನ್ನು ಕೆರೆದು ಒಳಕ್ಕೆ ಕಲಸಿ. ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಲ್ಲಿ ಮೊಸರು ಮೆತ್ತಗೆ ಹೆಪ್ಪುಗಟ್ಟುತ್ತದೆ.

ಕಲಸುವುದರಲ್ಲಿಯೇ ಗುಟ್ಟು ಅಡಗಿದೆ. ಸುಮ್ಮನೆ ಬಿಟ್ಟ ನೀರಿನಲ್ಲಿ ದೊಡ್ಡ ಹರಳುಗಳು ಬೆಳೆದು ನಾಲಿಗೆಗೆ ಮರಳಿನಂತೆ ಹತ್ತುತ್ತವೆ. ಕಲಸಿದಾಗ ಹರಳು ಒಡೆದು ಸಣ್ಣದಾಗುತ್ತದೆ, ಗಾಳಿಯೂ ಸೇರಿ ತಿನಿಸು ಹಗುರಾಗುತ್ತದೆ. ಮನೆಯಲ್ಲಿ ಫ್ರೀಜರ್ ಇದ್ದರೆ ಬಕೆಟ್ ಬೇಡ. ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರವಿಟ್ಟು, ಅರ್ಧ ಗಂಟೆಗೊಮ್ಮೆ ನಾಲ್ಕೈದು ಸಲ ಫೋರ್ಕಿನಿಂದ ಕಡೆದರಾಯಿತು. ಆದರೆ ಮಕ್ಕಳಿಗೆ ಬಕೆಟ್ಟಿನ ವಿಧಾನವನ್ನು ಒಮ್ಮೆಯಾದರೂ ತೋರಿಸಬೇಕು. ಫ್ರೀಜರಿನ ಬಾಗಿಲ ಹಿಂದೆ ನಡೆಯುವುದು ಕಾಣುವುದಿಲ್ಲ, ಬಕೆಟ್ಟಿನಲ್ಲಿ ಎಲ್ಲವೂ ಕಣ್ಣೆದುರು.

ಎಚ್ಚರಿಕೆಗಳೂ ಇವೆ. ಉಪ್ಪು ಬೆರೆತ ಮಂಜು ಸಾಮಾನ್ಯ ಮಂಜಿಗಿಂತ ಬಹಳ ತಣ್ಣಗಿರುತ್ತದೆ, ಬರಿಗೈ ಇಟ್ಟರೆ ಚರ್ಮಕ್ಕೆ ಸುಟ್ಟಂತೆ ಗಾಯವಾದೀತು. ದಪ್ಪ ಬಟ್ಟೆ ಹಿಡಿದು ಕೆಲಸ ಮಾಡಿ, ಪಕ್ಕದಲ್ಲಿ ದೊಡ್ಡವರಿರಲಿ. ಕಾರ್ಖಾನೆಯ ಮಂಜುಗಡ್ಡೆ ತಂದಿದ್ದರೆ ಅದು ಡಬ್ಬಿಯ ಹೊರಗಷ್ಟೇ ಇರಲಿ, ಒಳಗೆ ಒಂದು ಚೂರೂ ಬೀಳದಿರಲಿ. ಉಳಿದ ಉಪ್ಪುನೀರನ್ನು ಗಿಡಗಳ ಬುಡಕ್ಕೆ ಸುರಿಯಬೇಡಿ.

ಬಳಸುವ ಬಗೆ, ಒಂದು ಪ್ರಯೋಗ

ಫ್ರೀಜರಿನಲ್ಲಿಟ್ಟ ಮೊಸರನ್ನು ತಿನ್ನುವ ಹತ್ತು ನಿಮಿಷ ಮೊದಲು ಹೊರಗಿಟ್ಟರೆ ಚಮಚಕ್ಕೆ ಸುಲಭವಾಗಿ ಬರುತ್ತದೆ. ಒಂದೆರಡು ವಾರದೊಳಗೆ ಮುಗಿಸುವುದು ಲೇಸು. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ, ಕೂಡಲೇ ಕಡೆದು ಲಸ್ಸಿಯಂತೆ ಕುಡಿಯಿರಿ. ಸಕ್ಕರೆ ಹಾಕದ ಸಾದಾ ಮೊಸರು ಹೆಪ್ಪುಗಟ್ಟಿ ಕರಗಿದಾಗ ಒಡೆದು ನೀರಾಗುತ್ತದೆ. ಮೊಸರನ್ನಕ್ಕೆ ಅದು ಹಿಡಿಸದು, ಮಜ್ಜಿಗೆಹುಳಿಗೆ ಅಡ್ಡಿಯಿಲ್ಲ.

ಈ ಸಾದಾ ಮೊಸರಿನಿಂದಲೇ ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಎರಡು ಚಮಚ ಮೊಸರನ್ನು ಶುಭ್ರವಾದ ಪುಟ್ಟ ಬಟ್ಟಲಲ್ಲಿ ಮುಚ್ಚಿ ಫ್ರೀಜರಿನಲ್ಲಿ ಒಂದು ವಾರ ಕಲ್ಲಾಗಲು ಬಿಡಿ. ಆಮೇಲೆ ಕರಗಿಸಿ, ಉಗುರು ಬೆಚ್ಚಗಿನ ಹಾಲಿಗೆ ರಾತ್ರಿ ಹೆಪ್ಪು ಹಾಕಿ. ತುಸು ತಡವಾದರೂ ಹಾಲು ಸಾಮಾನ್ಯವಾಗಿ ಮೊಸರಾಗಿರುತ್ತದೆ. ಅಂದರೆ ಮೊಸರಿನ ಬ್ಯಾಕ್ಟೀರಿಯಗಳು ಆ ಚಳಿಯಲ್ಲಿ ಎಲ್ಲವೂ ಸಾಯಲಿಲ್ಲ. ಬಹಳಷ್ಟು ನಿದ್ರಿಸುತ್ತಿದ್ದವು, ಬೆಚ್ಚಗಾದೊಡನೆ ಎದ್ದವು.

ಈ ಪ್ರಯೋಗಕ್ಕೆ ಇನ್ನೊಂದು ಮುಖವಿದೆ, ತಂದೆತಾಯಿಗಳು ಮರೆಯಬಾರದ್ದು. ಒಳ್ಳೆಯ ಬ್ಯಾಕ್ಟೀರಿಯವನ್ನು ಕೊಲ್ಲದ ಚಳಿ ರೋಗದ ಬ್ಯಾಕ್ಟೀರಿಯವನ್ನೂ ಕೊಲ್ಲುತ್ತದೆಂಬ ಭರವಸೆಯಿಲ್ಲ. ಕೊಳಕು ನೀರಿನ ಐಸ್‌ಕ್ಯಾಂಡಿ 'ಮಂಜಾಗಿದೆ' ಎಂಬ ಕಾರಣಕ್ಕೆ ಶುದ್ಧವಾಗುವುದಿಲ್ಲ. ತೊಳೆಯದ ಕೈಯಿಂದ ಕಲಸಿದ ಮೊಸರೂ ಅಷ್ಟೇ. ಹಾಲು ಕಾಯಿಸುವುದು, ಪಾತ್ರೆಯನ್ನು ಬಿಸಿನೀರಿನಲ್ಲಿ ತೊಳೆಯುವುದು, ಕೈ ತೊಳೆಯುವುದು, ಈ ಮೂರು ಕೆಲಸಗಳನ್ನು ಫ್ರೀಜರ್ ನಮ್ಮ ಪರವಾಗಿ ಮಾಡದು.

ಕನ್ನಡದಲ್ಲಿ ಹಾಲು ಮೊಸರಾಗುವುದಕ್ಕೂ 'ಹೆಪ್ಪು', ನೀರು ಮಂಜಾಗುವುದಕ್ಕೂ 'ಹೆಪ್ಪು'. ಮೊದಲನೆಯದು ಜೀವಿಗಳ ಕೆಲಸ, ಬೆಚ್ಚಗಿದ್ದರೆ ನಡೆಯುತ್ತದೆ. ಎರಡನೆಯದು ಶಾಖ ಕಳೆದುಕೊಳ್ಳುವ ಕೆಲಸ, ಚಳಿಯಿದ್ದರೆ ನಡೆಯುತ್ತದೆ. ಈ ತಿನಿಸಿನಲ್ಲಿ ಎರಡೂ ಒಂದೇ ಬಟ್ಟಲಿಗೆ ಬರುತ್ತವೆ. ಒಂದು ಕಾಲಕ್ಕೆ ನಾಲ್ಕು ತಿಂಗಳು ಕಡಲು ದಾಟಿ ಬಂದು ಉಳ್ಳವರ ಲೋಟಕ್ಕಷ್ಟೇ ಬಿದ್ದ ತಂಪು, ಇಂದು ಒಂದು ಹಿಡಿ ಉಪ್ಪಿನಿಂದ ಯಾವ ಮನೆಯ ಹಿತ್ತಲಲ್ಲಾದರೂ ಕೈಗೂಡುತ್ತದೆ. ಡಬ್ಬಿ ತಿರುಗಿಸುವ ಸರದಿಯನ್ನು ಮಕ್ಕಳಿಗೂ ಕೊಟ್ಟರೆ ಪಾಠವೂ ಆಯಿತು, ತಿನಿಸೂ ಆಯಿತು.